ಹದಿಹರೆಯದವರಿಗೆ ಆನ್‌ಲೈನ್ ಮೆಂಟರ್ ಆಗುವುದು: ಮೊದಲ ಮೆಸೇಜಿನಿಂದ ಕೊನೆಯ ಕರೆಯವರೆಗೆ

ನಾನು ಮೆಂಟರ್ ಆದ ಎರಡನೇ ವಾರ. ಹದಿನೈದರ ಹುಡುಗ ಚಾಟ್‌ನಲ್ಲಿ ಒಂದು ಸಾಲು ಬರೆದ: ‘ಮ್ಯಾಥ್ಸ್ ತಲೆಗೆ ಹತ್ತಲ್ಲ, ಬಿಟ್ಬಿಡೋಣ ಅನ್ಸುತ್ತೆ.’ ನಾನು ರಾತ್ರಿ ಕೂತು ಒಂದು ಪುಟ ಉತ್ತರ ಕುಟ್ಟಿದೆ. ದಿನಕ್ಕೆ ಎಷ್ಟು ಹೊತ್ತು ಓದಬೇಕು, ಯಾವ ಅಧ್ಯಾಯ ಮೊದಲು, ಮೂರು ವಿಡಿಯೊ ಲಿಂಕ್, ಕೊನೆಗೆ ಹುರಿದುಂಬಿಸುವ ನಾಲ್ಕು ಮಾತು. ಬೆಳಿಗ್ಗೆ ನೋಡಿದರೆ ಉತ್ತರವಾಗಿ ಒಂದು ಹೆಬ್ಬೆರಳಿನ ಇಮೋಜಿ. ಮುಂದಿನ ಮೂರು ವಾರ ಬಂದದ್ದೆಲ್ಲ ‘ಹ್ಞೂಂ’, ‘ಓಕೆ’, ‘ನೋಡ್ತೀನಿ’. ಆಮೇಲೆ ಯಾವತ್ತೋ ಮಾತಿನ ನಡುವೆ ವಿಷಯ ಹೊರಬಿತ್ತು: ಆ ದಿನ ಬೋರ್ಡಿನ ಮುಂದೆ ಲೆಕ್ಕ ಬಿಡಿಸಲಾಗದೆ ನಿಂತಿದ್ದ, ತರಗತಿಯೆಲ್ಲ ನಕ್ಕಿತ್ತು. ಅವನಿಗೆ ಬೇಕಿದ್ದದ್ದು ವೇಳಾಪಟ್ಟಿಯಲ್ಲ, ‘ಏನಾಯ್ತು ಇವತ್ತು?’ ಅನ್ನುವ ಎರಡು ಪದ.

ಮೆಂಟರ್ ಅಂದರೆ ಬುದ್ಧಿ ಹೇಳುವವರು ಅಂತ ನಾನೂ ಅಂದುಕೊಂಡಿದ್ದೆ. ಈಗ ನನ್ನ ಲೆಕ್ಕ ಬೇರೆ. ಹೇಳಿದ ದಿನ, ಹೇಳಿದ ಹೊತ್ತಿಗೆ, ದೊಡ್ಡವರ ಕಣ್ಣಿಗೆ ಬೀಳುವಂಥ ಜಾಗದಲ್ಲಿ ಹಾಜರಿರುವುದು ಕೆಲಸದ ಮುಕ್ಕಾಲು ಪಾಲು. ಸಲಹೆ ಉಳಿದ ಕಾಲು ಪಾಲು, ಅದೂ ಕೇಳಿದಾಗ. 13ರಿಂದ 18 ವರ್ಷದವರಿಗೆ ಆನ್‌ಲೈನ್‌ನಲ್ಲಿ ಜೊತೆಯಾಗಲು ಹೊರಟ ಸ್ವಯಂಸೇವಕರಿಗೂ, ಇಂಥದ್ದೊಂದು ಚಿಕ್ಕ ಕಾರ್ಯಕ್ರಮ ನಡೆಸುವ ಯೋಚನೆಯಲ್ಲಿರುವವರಿಗೂ ಈ ಬರಹ.

ಹಂತ 1: ಒಂದು ವರ್ಷ ಕೈಯಲ್ಲಿದೆಯೇ, ನೋಡಿಕೊಳ್ಳಿ

ಎಲ್ಲಕ್ಕಿಂತ ಮೊದಲ ಪ್ರಶ್ನೆ ಕ್ಯಾಲೆಂಡರಿನದು. ಅಮೆರಿಕದ ಸಂಶೋಧಕರಾದ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಕ್ಷೇತ್ರದಲ್ಲಿ ಇವತ್ತಿಗೂ ಓಡಾಡುತ್ತದೆ. ಮಕ್ಕಳಿಗೆ ದೊಡ್ಡವರೊಬ್ಬರನ್ನು ಜೊತೆ ಮಾಡಿಕೊಡುವ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಕಾರ್ಯಕ್ರಮದ 1,100ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ ಅವರು ಕಂಡದ್ದು ಇದು: ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಮೆಂಟರ್ ಜೊತೆಗಿದ್ದವರಿಗೆ ಹೆಚ್ಚಿನ ಲಾಭವಾಗಿತ್ತು. ಮೂರು ತಿಂಗಳೊಳಗೆ ನಂಟು ಮುರಿದುಬಿದ್ದವರಲ್ಲಿ ಮಾತ್ರ ತಮ್ಮ ಬಗೆಗಿನ ಗೌರವವೇ ಇಳಿದಿತ್ತು. ಅರ್ಧಕ್ಕೆ ಬಿಟ್ಟುಹೋಗುವ ಮೆಂಟರ್‌ಗಿಂತ ಮೆಂಟರ್ ಇಲ್ಲದಿರುವುದೇ ಲೇಸಾದೀತು ಅಂತಾಯಿತು.

ಅದು ಮುಖಾಮುಖಿ ಭೇಟಿಯ ಕಾರ್ಯಕ್ರಮ. ಆನ್‌ಲೈನ್‌ನಲ್ಲಿ ಮಾಯವಾಗುವುದು ಇನ್ನೂ ಸುಲಭ: ಆ್ಯಪ್ ತೆರೆಯದಿದ್ದರೆ ಆಯಿತು. ಹಾಗಾಗಿ ಒಪ್ಪಿಕೊಳ್ಳುವ ಮೊದಲು ಮುಂದಿನ ಹನ್ನೆರಡು ತಿಂಗಳನ್ನು ಹರಡಿಕೊಂಡು ಕೂರಿ. ಪರೀಕ್ಷೆ ಇದೆಯೇ, ಕೆಲಸ ಬದಲಿಸುವ ಯೋಚನೆ ಇದೆಯೇ, ಮನೆಗೆ ಮಗು ಬರಲಿದೆಯೇ? ವಾರಕ್ಕೆ ಒಂದು ಗಂಟೆ ಅಂದುಕೊಂಡರೆ ಕರೆಗೆ ಅರ್ಧ ಗಂಟೆ, ನಡುವಿನ ಮೆಸೇಜಿಗೆ ಹತ್ತು-ಹದಿನೈದು ನಿಮಿಷ, ಟಿಪ್ಪಣಿ ಬರೆಯಲು ಉಳಿದದ್ದು. ಅಷ್ಟು ಆಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ದಿನ ಬಂದು ನಿಮ್ಮ ವೃತ್ತಿಯ ಬಗ್ಗೆ ಮಾತಾಡಿ ಹೋಗಿ. ಅದೂ ಉಪಕಾರವೇ. ಅದನ್ನು ಮೆಂಟರಿಂಗ್ ಅನ್ನಬೇಡಿ, ಅಷ್ಟೇ.

ಹಂತ 2: ಒಬ್ಬಂಟಿಯಾಗಿ ಶುರುಮಾಡಬೇಡಿ

‘ನನಗೆ ಗೊತ್ತಿರೋ ಹುಡುಗಿ, ಫೋನ್‌ನಲ್ಲೇ ಸಹಾಯ ಮಾಡ್ತೀನಿ’ ಅನ್ನುವ ಒಳ್ಳೆಯ ಮನಸ್ಸಿನವರು ತುಂಬ ಜನ. ಬೇಡ. ನಡುವೆ ಒಂದು ಸಂಸ್ಥೆ ಇರಬೇಕು, ಅಥವಾ ಕಡೇ ಪಕ್ಷ ಒಬ್ಬ ಸಂಯೋಜಕರು. ಅವರು ನಿಮ್ಮ ಗುರುತು ಮತ್ತು ಹಿನ್ನೆಲೆ ಪರಿಶೀಲಿಸಬೇಕು, ಹೆತ್ತವರಿಂದ ಲಿಖಿತ ಒಪ್ಪಿಗೆ ಪಡೆಯಬೇಕು, ಸಂಭಾಷಣೆ ಉಳಿದುಕೊಳ್ಳುವಂಥ ಒಂದು ವೇದಿಕೆ ಕೊಡಬೇಕು. ನ್ಯೂಯಾರ್ಕ್‌ನಲ್ಲಿ 1999ರಲ್ಲಿ ಶುರುವಾದ ಐಮೆಂಟರ್‌ನಂಥ ಕಾರ್ಯಕ್ರಮಗಳು ತಮ್ಮದೇ ಆನ್‌ಲೈನ್ ವೇದಿಕೆ ಕಟ್ಟಿಕೊಂಡದ್ದಕ್ಕೆ ಕಾರಣವಿದೆ.

ಹೆತ್ತವರ ಒಪ್ಪಿಗೆ ಎಷ್ಟು ವಯಸ್ಸಿನವರೆಗೆ ಬೇಕು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ 1998ರ ಕೋಪಾ, ಅಂದರೆ ಆನ್‌ಲೈನ್‌ನಲ್ಲಿ ಮಕ್ಕಳ ಖಾಸಗಿತನ ಕಾಪಾಡುವ ಕಾಯ್ದೆ, 13ಕ್ಕಿಂತ ಚಿಕ್ಕವರ ಮಾಹಿತಿ ಪಡೆಯಲು ಹೆತ್ತವರ ಒಪ್ಪಿಗೆ ಕೇಳುತ್ತದೆ. ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್ ಆ ವಯಸ್ಸನ್ನು 16ಕ್ಕೆ ಇಟ್ಟು, ಸದಸ್ಯ ದೇಶಗಳು 13ರವರೆಗೆ ಇಳಿಸಿಕೊಳ್ಳಲು ಬಿಟ್ಟಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ನೀವು ಒಂದು ದೇಶದಲ್ಲಿ, ಹುಡುಗಿ ಇನ್ನೊಂದು ದೇಶದಲ್ಲಿ ಇರುವುದು ಆನ್‌ಲೈನ್‌ನಲ್ಲಿ ಮಾಮೂಲು. ಕಾನೂನಿನ ಕೂದಲು ಸೀಳುತ್ತ ಕೂರುವ ಬದಲು ಎಲ್ಲಕ್ಕಿಂತ ಬಿಗಿಯಾದದ್ದನ್ನೇ ಹಿಡಿಯಿರಿ: 18ರವರೆಗೆ ಹೆತ್ತವರ ಒಪ್ಪಿಗೆ, ಬರವಣಿಗೆಯಲ್ಲಿ.

ಮಗು ಎಲ್ಲಿ ವಾಸಿಸುತ್ತದೆ, ತುರ್ತಿದ್ದರೆ ಯಾರಿಗೆ ಫೋನ್ ಮಾಡಬೇಕು, ಆ ದೇಶದ ಮಕ್ಕಳ ಸಹಾಯವಾಣಿ ಸಂಖ್ಯೆ ಯಾವುದು, ಈ ಮೂರೂ ಸಂಯೋಜಕರ ಬಳಿ ಮೊದಲ ಕರೆಗೆ ಮುಂಚೆಯೇ ಇರಬೇಕು. ಪರದೆಯ ಆಚೆ ಏನೋ ಅನಾಹುತವಾಗುತ್ತಿದೆ, ನಿಮಗೆ ಊರಿನ ಹೆಸರೂ ಗೊತ್ತಿಲ್ಲ ಅಂದರೆ ಮಾಡುವುದೇನು?

ಹಂತ 3: ಬೇಲಿ ಮೊದಲು, ಸಲುಗೆ ಆಮೇಲೆ

ಈ ಹಂತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಮಕ್ಕಳನ್ನು ಆನ್‌ಲೈನ್‌ನಲ್ಲಿ ಬಲೆಗೆ ಕೆಡವುವವರ ದಾರಿ ನೋಡಿ: ಬೇರೆ ಯಾರೂ ಕೊಡದಷ್ಟು ಗಮನ ಕೊಡುತ್ತಾರೆ, ‘ನಿನ್ನನ್ನ ಅರ್ಥ ಮಾಡ್ಕೊಳ್ಳೋದು ನಾನೊಬ್ಬನೇ’ ಅನ್ನುತ್ತಾರೆ, ಖಾಸಗಿ ಆ್ಯಪ್‌ಗೆ ಕರೆದೊಯ್ಯುತ್ತಾರೆ, ಉಡುಗೊರೆ ಕಳಿಸುತ್ತಾರೆ, ಗುಟ್ಟು ಇಟ್ಟುಕೊಳ್ಳಲು ಹೇಳುತ್ತಾರೆ. ಮೊದಲ ಮೆಟ್ಟಿಲು, ಅಂದರೆ ಗಮನ ಕೊಡುವುದು, ಒಳ್ಳೆಯ ಮೆಂಟರ್ ಕೂಡ ಹತ್ತುವ ಮೆಟ್ಟಿಲೇ. ಹಾಗಾಗಿ ಮಿಕ್ಕ ಮೆಟ್ಟಿಲುಗಳಲ್ಲಿ ನಿಮ್ಮ ನಡೆ ಎದ್ದು ಕಾಣುವಷ್ಟು ಬೇರೆಯಾಗಿರಬೇಕು. ನೀವು ಒಳ್ಳೆಯವರು ಅನ್ನುವುದು ಸಾಲದು. ನಾಳೆ ಬೇರೆ ಯಾರೋ ‘ಗುಟ್ಟಾಗಿರಲಿ’ ಅಂದಾಗ ‘ನನ್ನ ಮೆಂಟರ್ ಹೀಗೆ ಯಾವತ್ತೂ ಅಂದಿಲ್ಲವಲ್ಲ’ ಎಂದು ಆ ಮಗುವಿಗೆ ತಟ್ಟನೆ ಹೊಳೆಯಬೇಕು.

ಆಚರಣೆಯಲ್ಲಿ ಇದು ಇಷ್ಟು:

- ಮಾತೆಲ್ಲ ಕಾರ್ಯಕ್ರಮದ ವೇದಿಕೆಯಲ್ಲೇ. ವೈಯಕ್ತಿಕ ನಂಬರ್ ಇಲ್ಲ, ತಾನಾಗಿ ಅಳಿಸಿಹೋಗುವ ಮೆಸೇಜ್ ಇಲ್ಲ.
- ಸಾಮಾಜಿಕ ಜಾಲತಾಣದಲ್ಲಿ ಫಾಲೋ ಇಲ್ಲ, ಎರಡೂ ಕಡೆಯಿಂದ.
- ಹಣ, ಉಡುಗೊರೆ, ರೀಚಾರ್ಜ್, ಗೇಮ್ ಕಾಯಿನ್ ಯಾವುದೂ ಇಲ್ಲ.
- ಅವರ ಫೋಟೊ ಕೇಳುವುದಿಲ್ಲ, ಕರೆಯ ಸ್ಕ್ರೀನ್‌ಶಾಟ್ ತೆಗೆಯುವುದಿಲ್ಲ, ‘ನನ್ನ ಹುಡುಗ ಗೆದ್ದ’ ಎಂದು ಎಲ್ಲೂ ಹಾಕಿಕೊಳ್ಳುವುದಿಲ್ಲ.
- ನೇರ ಭೇಟಿ ಇದ್ದರೆ ಕಾರ್ಯಕ್ರಮವೇ ಏರ್ಪಡಿಸಿದ್ದು, ನಾಲ್ಕು ಜನರ ನಡುವೆ.

ಫಾಲೋ ರಿಕ್ವೆಸ್ಟ್ ಬಂದೇ ಬರುತ್ತದೆ. ಸುಮ್ಮನೆ ತಿರಸ್ಕರಿಸಿದರೆ ಮಗು ಮುದುಡಿಕೊಳ್ಳುತ್ತದೆ. ನಾನು ಬರೆಯುವುದು ಹೀಗೆ: ‘ನಿನ್ನ ರಿಕ್ವೆಸ್ಟ್ ನೋಡಿದೆ, ಖುಷಿಯಾಯ್ತು. ಆದ್ರೆ ನಾನು ಜೊತೆಗಿರೋ ಯಾರನ್ನೂ ಅಲ್ಲಿ ಸೇರಿಸ್ಕೊಳ್ಳಲ್ಲ, ಇದು ನಮ್ಮೆಲ್ರಿಗೂ ಇರೋ ನಿಯಮ. ನೀನು ಅಲ್ಲಿ ಹಾಕಿದ್ದನ್ನ ನಂಗೆ ತೋರಿಸ್ಬೇಕು ಅನ್ಸಿದ್ರೆ ಇಲ್ಲೇ ಹಾಕು, ನೋಡ್ತೀನಿ.’ ಅದೇ ದಿನ ಸಂಯೋಜಕರಿಗೂ ಒಂದು ಸಾಲು ತಿಳಿಸಿಬಿಡಿ. ಅತಿಯಾಯಿತು ಅನ್ನಿಸಿದರೂ ಸರಿ.

ಹಂತ 4: ಜೋಡಿ ಕೂಡಿಸುವುದು

ಇದನ್ನು ತುಂಬ ಜಟಿಲ ಮಾಡುತ್ತಾರೆ. ಇಬ್ಬರಿಗೂ ಹಿಡಿಸುವ ಒಂದು ವಿಷಯ, ಒಂದು ಸಮಾನ ಭಾಷೆ, ಇಬ್ಬರಿಗೂ ಬಿಡುವಾಗುವ ಒಂದು ಹೊತ್ತು ಸಿಕ್ಕರೆ ಸಾಕು. ಇಬ್ಬರು ಮೂವರು ಮೆಂಟರ್‌ಗಳ ಪರಿಚಯ ತೋರಿಸಿ ಆಯ್ಕೆಯನ್ನು ಮಗುವಿಗೇ ಬಿಡಿ. ‘ನಾನು ಆರಿಸಿದ್ದು’ ಅನ್ನುವ ಭಾವ ಮೊದಲ ತಿಂಗಳನ್ನು ದಾಟಿಸುತ್ತದೆ.

ಹಂತ 5: ಮೊದಲ ಕರೆ

ಅರ್ಧ ಗಂಟೆ ಮೀರಬೇಡಿ. ನೀವು ಕ್ಯಾಮೆರಾ ಹಾಕಿಕೊಳ್ಳಿ, ಅವರಿಗೆ ಒತ್ತಾಯ ಮಾಡಬೇಡಿ. ಹಿಂದೆ ಕಾಣುವ ಗೋಡೆ, ಗಲಾಟೆ ಮಾಡುವ ತಮ್ಮ, ಮೊನ್ನೆ ಮೂಡಿದ ಮೊಡವೆ... ಕ್ಯಾಮೆರಾ ಮುಚ್ಚಿಡಲು ಆ ವಯಸ್ಸಿಗೆ ನೂರು ಕಾರಣ. ನನ್ನ ಜೊತೆಗಿದ್ದ ಹುಡುಗಿಯೊಬ್ಬಳ ಮುಖ ಕಂಡದ್ದು ಐದನೇ ತಿಂಗಳಿಗೆ, ಅದೂ ತಾನು ಬಿಡಿಸಿದ ಚಿತ್ರವನ್ನು ಕ್ಯಾಮೆರಾಕ್ಕೆ ಹಿಡಿಯಲು ಹೋಗಿ, ಅಚಾನಕ್ಕಾಗಿ. ನಾನು ಚಿತ್ರದ ಬಗ್ಗೆ ಮಾತ್ರ ಮಾತಾಡಿದೆ. ಮುಂದಿನ ವಾರದಿಂದ ಕ್ಯಾಮೆರಾ ತಾನಾಗಿ ತೆರೆದುಕೊಂಡಿತು.

ಕನ್ನಡದಲ್ಲಿ ಮಾತಾಡುವವರಿಗೆ ಮೊದಲ ಸಾಲಿನಲ್ಲೇ ಒಂದು ತೊಡಕು: ನೀನು ಅನ್ನುವುದೋ ನೀವು ಅನ್ನುವುದೋ. ಹದಿನೇಳರ ಹುಡುಗನಿಗೆ ‘ನೀನು’ ಕೆಲವೊಮ್ಮೆ ಸಲುಗೆ, ಕೆಲವೊಮ್ಮೆ ಮೇಷ್ಟ್ರ ದನಿ. ಕೇಳಿಬಿಡಿ: ‘ಹೇಗೆ ಕರೀಲಿ? ನೀನು ಅಂದ್ರೆ ಪರವಾಗಿಲ್ವಾ?’ ನಿಮ್ಮನ್ನು ಸರ್, ಅಕ್ಕ, ಅಣ್ಣ, ಬರೀ ಹೆಸರು, ಏನೆಂದು ಕರೆಯಬೇಕು ಅನ್ನುವುದನ್ನು ಅವರಿಗೇ ಬಿಡಿ. ವರ್ಷವಿಡೀ ಯಾವ ಹೆಸರೂ ಹಿಡಿಯದೆ ‘ಹಲೋ’ದಲ್ಲೇ ಕಾಲ ತಳ್ಳುವವರೂ ಇದ್ದಾರೆ. ಇರಲಿ.

ಆಮೇಲೆ ಗುಟ್ಟಿನ ಮಾತು. ಇದನ್ನು ಮೊದಲ ಕರೆಯಲ್ಲೇ ಹೇಳಬೇಕು, ಕಷ್ಟ ಬಂದಾಗ ಹೇಳಿದರೆ ಮೋಸ ಮಾಡಿದಂತೆ ಕೇಳುತ್ತದೆ: ‘ನೀನು ಹೇಳಿದ್ದನ್ನ ಊರೆಲ್ಲ ಹೇಳ್ಕೊಂಡು ತಿರುಗಲ್ಲ. ಆದ್ರೆ ನಿನಗೆ ಅಥವಾ ಬೇರೆ ಯಾರಿಗಾದ್ರೂ ಅಪಾಯ ಇದೆ ಅನ್ಸಿದ್ರೆ ನಾನು ಸಂಯೋಜಕರಿಗೆ ಹೇಳ್ಲೇಬೇಕು. ಹೇಳೋ ಮೊದ್ಲು ನಿಂಗೆ ತಿಳಿಸ್ತೀನಿ. ಇಲ್ಲಿರೋ ಚಾಟ್‌ನ ಅವರೂ ಓದಬಹುದು.’ ಹೇಳಿ ಮುಗಿಸಿ, ಅವರು ಅರ್ಥ ಮಾಡಿಕೊಂಡದ್ದೇನು ಅಂತ ಅವರ ಮಾತಿನಲ್ಲೇ ಕೇಳಿ.

ಇನ್ನೊಂದು ಸಣ್ಣ ಉಪಾಯ. ಮನೆಯಲ್ಲಿ ಯಾರೋ ಕೋಣೆಗೆ ಬಂದರೆ ಮಗುವಿಗೆ ಮಾತು ಬದಲಿಸಬೇಕಾಗುತ್ತದೆ. ಅದಕ್ಕೊಂದು ನಿರುಪದ್ರವಿ ವಾಕ್ಯ ಗೊತ್ತುಮಾಡಿಕೊಳ್ಳಿ. ‘ನೆಟ್ ಸರಿ ಇಲ್ಲ’ ಅಂದರೆ ‘ಈಗ ಒಬ್ಬಳೇ ಇಲ್ಲ’ ಅಂತ ಅರ್ಥ. ನೀವು ತಕ್ಷಣ ಓದಿನ ವಿಷಯಕ್ಕೆ ಹೊರಳಿ. ಈ ವಾಕ್ಯ ಸಂಯೋಜಕರಿಗೂ ಗೊತ್ತಿರಲಿ. ಬೇಲಿಯ ನಿಯಮಕ್ಕೆ ಇದೂ ಹೊರತಲ್ಲ.

ಕರೆ ಮುಗಿಸುವ ಮೊದಲು ವಾರದ ದಿನ ಮತ್ತು ಹೊತ್ತು ನಿಗದಿಯಾಗಲಿ. ಆ ಹೊತ್ತನ್ನು ಮುರಿಯದಿರಿ. ಮುರಿಯಲೇಬೇಕಾದರೆ ಹಿಂದಿನ ದಿನವೇ ತಿಳಿಸಿ, ಬದಲಿ ಹೊತ್ತನ್ನೂ ಅದೇ ಮೆಸೇಜಿನಲ್ಲಿ ಕೊಡಿ.

ಹಂತ 6: ನಡುವಿನ ವಾರಗಳು

ಕೇಳುವುದನ್ನೂ ಒಂದು ಕಸುಬಾಗಿ ಕಲಿಯಬಹುದು. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ರೂಪಿಸಿದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಅನ್ನುವ ಪದ್ಧತಿ ಹುಟ್ಟಿದ್ದು ಕುಡಿತದ ಚಟ ಬಿಡಿಸುವ ಚಿಕಿತ್ಸೆಯಲ್ಲಿ, ಆದರೆ ಅದರ ನಾಲ್ಕು ಸಾಧನಗಳು ಇಲ್ಲಿಗೂ ಒಗ್ಗುತ್ತವೆ: ಹೌದು-ಇಲ್ಲದಲ್ಲಿ ಮುಗಿಯದ ಪ್ರಶ್ನೆ, ಅವರು ಮಾಡಿದ್ದನ್ನು ಗುರುತಿಸುವುದು, ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಮರಳಿ ಹೇಳುವುದು, ಕೊನೆಗೆ ಎಲ್ಲವನ್ನೂ ಕಟ್ಟಿ ಮುಂದಿಡುವುದು. ‘ಎಲ್ಲ ವೇಸ್ಟ್’ ಎಂದು ಬರೆದ ಹುಡುಗಿಯ ಜೊತೆ ಅದು ನಡೆಯುವುದು ಹೀಗೆ:

‘ಎಲ್ಲ ವೇಸ್ಟ್.’
‘ಇವತ್ತು ಏನೋ ತುಂಬಾ ಸುಸ್ತು ಮಾಡಿದ ಹಾಗಿದೆ.’
‘ಪ್ರಾಜೆಕ್ಟ್. ನಾನೊಬ್ಳೇ ಮಾಡಿದ್ದು, ಹೆಸರು ಮಾತ್ರ ಎಲ್ರದ್ದು.’
‘ಇಡೀ ಕೆಲಸ ನೀನೇ ಹೊತ್ತಿದ್ದು, ಅದು ಯಾರಿಗೂ ಗೊತ್ತಾಗ್ಲಿಲ್ಲ.’
‘ಹ್ಞಾ. ಟೀಚರ್‌ಗೆ ಹೇಳ್ಲಾ ಅನ್ಕೊಂಡೆ. ಚಾಡಿ ಅನ್ಕೋತಾರೆ.’
‘ಹೇಳಿದ್ರೆ ಏನಾಗ್ಬಹುದು, ಸುಮ್ನಿದ್ರೆ ಏನಾಗ್ಬಹುದು?’

ಇಲ್ಲಿ ಮೆಂಟರ್ ಒಂದೇ ಒಂದು ಸಲಹೆ ಕೊಟ್ಟಿಲ್ಲ. ಸಮಸ್ಯೆ ಮಾತ್ರ ‘ಎಲ್ಲ ವೇಸ್ಟ್’ನಿಂದ ‘ಟೀಚರ್‌ಗೆ ಹೇಳಲೋ ಬೇಡವೋ’ಗೆ ಇಳಿದಿದೆ. ಇಷ್ಟಾದ ಮೇಲೆ ‘ನಾನು ಒಂದು ಯೋಚನೆ ಹೇಳ್ಲಾ?’ ಅಂತ ಕೇಳಿ, ಹೂಂ ಅಂದರೆ ಹೇಳಿ.

ಮೆಸೇಜಿನಲ್ಲಿ ದನಿ ಇರುವುದಿಲ್ಲ. ‘ಸರಿ.’ ಅಂತ ಚುಕ್ಕಿ ಇಟ್ಟು ಬರೆದರೆ ಹದಿಹರೆಯದವರಿಗೆ ಅದು ಸಿಟ್ಟಿನಂತೆ ಕಾಣಬಹುದು. ನಾವು ವ್ಯಾಕರಣ ಪಾಲಿಸುತ್ತಿರುತ್ತೇವೆ, ಪಾಪ. ಹಾಗಂತ ಅವರ ಹಾಗೆ ಬರೆಯಲು ಹೋಗಿ ನಗೆಪಾಟಲಾಗಬೇಡಿ. ಚಿಕ್ಕ ವಾಕ್ಯ, ಒಂದು ಮೆಸೇಜಿಗೆ ಒಂದೇ ಪ್ರಶ್ನೆ. ಮೂರು ಪ್ರಶ್ನೆ ಕೇಳಿದರೆ ಸುಲಭದ್ದಕ್ಕಷ್ಟೇ ಉತ್ತರ ಬರುತ್ತದೆ.

ಕೆಲವರಿಗೆ ಬರೀ ಮಾತು ಹಿಂಸೆ. ಅಂಥವರ ಜೊತೆ ಪರದೆ ಹಂಚಿಕೊಂಡು ಏನಾದರೂ ಮಾಡಿ: ಒಂದು ಆಟ ಚೆಸ್, ಒಂದು ಅರ್ಜಿ ತುಂಬುವುದು, ನಾಲ್ಕು ಸಾಲು ಕೋಡ್. ಕಣ್ಣು ಪರದೆಯ ಮೇಲೆ ಇದ್ದಾಗ ಬಾಯಿ ಬೇಗ ತೆರೆಯುತ್ತದೆ. ಗುರಿಯೂ ಅಂಗೈಯಗಲ ಇರಲಿ. ‘ಇಂಗ್ಲಿಷ್ ಸುಧಾರಿಸಿಕೊಳ್ಳುತ್ತೇನೆ’ ಅನ್ನುವುದನ್ನು ಮುಂದಿನ ವಾರದೊಳಗೆ ಮುಗಿಯುವ, ಆಯಿತೋ ಇಲ್ಲವೋ ಎಂದು ಹೇಳಬಲ್ಲ ಒಂದು ಕೆಲಸಕ್ಕೆ ಇಳಿಸಿ. ಆಗದಿದ್ದರೆ ‘ಯಾಕೆ ಮಾಡಿಲ್ಲ?’ ಅನ್ನಬೇಡಿ, ‘ಎಲ್ಲಿ ಸಿಕ್ಕಿಹಾಕ್ಕೊಂಡಿತು?’ ಅನ್ನಿ.

ಪ್ರಬಂಧವನ್ನು ಎಐ ಚಾಟ್‌ಬಾಟ್ ಬರೆದುಕೊಟ್ಟಿದೆ ಅಂತ ಗೊತ್ತಾದರೆ ಪೊಲೀಸರಂತೆ ಎರಗಬೇಡಿ. ‘ಇದರಲ್ಲಿ ನಿಂಗೆ ಒಪ್ಪಿಗೆ ಆಗದ ಸಾಲು ಯಾವುದು?’ ಎಂದು ಕೇಳಿ. ಅಲ್ಲಿಂದ ಅವರ ಸ್ವಂತ ಬರಹ ಶುರುವಾಗುತ್ತದೆ.

ರಾತ್ರಿ ಮೆಸೇಜ್ ಬೇಡ. 13ರಿಂದ 18ರವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುವುದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯ ಶಿಫಾರಸು. ನೀವೇ ಹನ್ನೊಂದಕ್ಕೆ ಅವರ ಫೋನ್ ಬೆಳಗಿಸಿದರೆ ಹೇಗೆ? ಬರೆದದ್ದನ್ನು ಬೆಳಿಗ್ಗೆಗೆ ನಿಗದಿಪಡಿಸಿ.

ಮತ್ತೆ ಮೌನ. ಎರಡು ವಾರ ಉತ್ತರವೇ ಇಲ್ಲ ಅನ್ನುವುದು ಎಲ್ಲರಿಗೂ ಆಗುತ್ತದೆ. ಮೊದಲ ವಾರ ಎಂದಿನ ಹೊತ್ತಿಗೆ ಲಿಂಕ್ ತೆರೆದು ಹದಿನೈದು ನಿಮಿಷ ಕಾಯಿರಿ, ‘ಬಂದಿದ್ದೆ, ಮುಂದಿನ ವಾರ ಇದೇ ಹೊತ್ತಿಗೆ ಇರ್ತೀನಿ’ ಎಂದು ಬರೆಯಿರಿ. ಎರಡನೇ ವಾರ ಉತ್ತರ ಬೇಡದಂಥದ್ದೇನಾದರೂ ಕಳಿಸಿ, ಹಿಂದೆ ಅವರು ಹೇಳಿದ್ದಕ್ಕೆ ಸೇರಿದ ಒಂದು ಚಿತ್ರವೋ ಸುದ್ದಿಯೋ. ಜೊತೆಗೆ ಸಂಯೋಜಕರಿಗೆ ತಿಳಿಸಿ, ಮಗು ಕ್ಷೇಮವಾಗಿದೆಯೇ ಅಂತ ಅವರು ವಿಚಾರಿಸಲಿ. ‘ನನ್ನ ಮರೆತೇಬಿಟ್ಯಾ?’ ಅನ್ನುವ ಮೆಸೇಜ್ ಯಾವ ವಾರವೂ ಬೇಡ. ನಿಮ್ಮ ಬೇಸರ ಹೊರುವುದು ಅವರ ಕೆಲಸವಲ್ಲ.

ಹಂತ 7: ಭಾರದ ಮಾತು ಬಂದಾಗ

‘ಇರೋದೇ ಬೇಡ ಅನ್ಸುತ್ತೆ’ ಎಂದು ಯಾರಾದರೂ ಬರೆದರೆ ವಿಷಯ ಬದಲಿಸಬೇಡಿ, ಉಪದೇಶಕ್ಕೂ ಇಳಿಯಬೇಡಿ. ನೇರವಾಗಿ ಕೇಳಿ: ‘ಸಾಯೋ ಯೋಚನೆ ಬರ್ತಿದೆಯಾ?’ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಅನ್ನುವುದು ತಪ್ಪು ನಂಬಿಕೆ. ಹೇಳಿಕೊಳ್ಳಲು ದಾರಿ ಸಿಕ್ಕಿತು ಅಂತ ಹಗುರಾಗುವವರೇ ಹೆಚ್ಚು. ಹೌದು ಅಂದರೆ, ಈಗ ಎಲ್ಲಿದ್ದೀಯ, ಹತ್ತಿರ ದೊಡ್ಡವರು ಯಾರಿದ್ದಾರೆ, ಹೇಗೆ ಅಂತ ಯೋಚಿಸಿದ್ದೀಯಾ, ಇಷ್ಟನ್ನು ಸಾವಧಾನವಾಗಿ ಕೇಳಿ. ಮಾತು ಕಡಿಯದೆ, ಇನ್ನೊಂದು ಫೋನಿನಿಂದ ಸಂಯೋಜಕರನ್ನು ಕರೆಯಿರಿ. ಅಪಾಯ ಈಗಲೇ ಅನ್ನಿಸಿದರೆ ತುರ್ತುಸೇವೆಗೆ ಕರೆ ಹೋಗಬೇಕು. ‘ಯಾರಿಗೂ ಹೇಳಬೇಡಿ’ ಅಂದರೆ ಮೊದಲ ಕರೆಯಲ್ಲಿ ಹೇಳಿದ್ದನ್ನು ನೆನಪಿಸಿ. ಆಮೇಲೆ ಅವರು ಬಳಸಿದ ಪದಗಳನ್ನೇ, ಹೊತ್ತು ಸಮೇತ ಬರೆದಿಡಿ. ಅದಕ್ಕೆ ನಿಮ್ಮ ವ್ಯಾಖ್ಯಾನ ಸೇರಿಸಬೇಡಿ.

ಹೊಡೆತ, ಲೈಂಗಿಕ ಕಿರುಕುಳ, ಬಲವಂತದ ಮದುವೆಯಂಥ ವಿಷಯವಾದರೆ ತನಿಖೆ ನಿಮ್ಮದಲ್ಲ. ‘ಹೇಳಿದ್ದು ಒಳ್ಳೆಯದಾಯ್ತು, ಇದು ನಿನ್ನ ತಪ್ಪಲ್ಲ’ ಅಂದು, ಅದೇ ದಿನ ವಿಷಯ ಮೇಲಕ್ಕೆ ಹೋಗಲಿ. ಮನೆಯವರಿಗೆ ತಿಳಿಸುವ ಮೊದಲು ಸಂಯೋಜಕರೊಡನೆ ಮಾತಾಡಿ. ಹಿಂಸೆ ಮಾಡುತ್ತಿರುವವರು ಮನೆಯವರೇ ಆಗಿರಬಹುದು.

ಇನ್ನೊಂದು ಪ್ರಸಂಗ ಈಗೀಗ ಎಲ್ಲ ಕಡೆ ಕೇಳಿಬರುತ್ತಿದೆ: ಖಾಸಗಿ ಫೋಟೊ ಇಟ್ಟುಕೊಂಡು ಬೆದರಿಸಿ ಹಣ ಕೇಳುವುದು. ಮಗುವಿಗೆ ಹೇಳಬೇಕಾದ್ದು: ಹಣ ಕೊಡಬೇಡ, ಅವರ ಮೆಸೇಜ್ ಅಳಿಸಬೇಡ, ಉತ್ತರ ಕೊಡುವುದನ್ನು ನಿಲ್ಲಿಸು, ನಿನ್ನ ಜೊತೆ ನಾವಿದ್ದೇವೆ. ನೀವು ಮಾತ್ರ ಆ ಫೋಟೊ ನೋಡಲು ಕೇಳಬೇಡಿ, ಕಳಿಸಲು ಹೇಳಬೇಡಿ. ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಮಕ್ಕಳ ಅಂಥ ಚಿತ್ರ ನಿಮ್ಮ ಫೋನಿನಲ್ಲಿರುವುದು ಬಹುತೇಕ ದೇಶಗಳಲ್ಲಿ ಅಪರಾಧ. ಅಮೆರಿಕದ ನ್ಯಾಷನಲ್ ಸೆಂಟರ್ ಫಾರ್ ಮಿಸ್ಸಿಂಗ್ ಆ್ಯಂಡ್ ಎಕ್ಸ್‌ಪ್ಲಾಯ್ಟೆಡ್ ಚಿಲ್ಡ್ರನ್ ನಡೆಸುವ ‘ಟೇಕ್ ಇಟ್ ಡೌನ್’ ಅನ್ನುವ ಉಚಿತ ಸೇವೆ ಇದೆ. 18 ತುಂಬುವ ಮೊದಲು ತೆಗೆದ ಚಿತ್ರಕ್ಕೆ ಅದು ಬೆರಳಚ್ಚಿನಂಥ ಒಂದು ಸಂಕೇತ ತಯಾರಿಸುತ್ತದೆ. ಚಿತ್ರ ಮಗುವಿನ ಫೋನು ಬಿಟ್ಟು ಹೋಗುವುದಿಲ್ಲ, ಸಂಕೇತ ಮಾತ್ರ ಹೋಗುತ್ತದೆ. ಸೇವೆಗೆ ಸೇರಿದ ಜಾಲತಾಣಗಳು ಅದನ್ನು ಬಳಸಿ ಚಿತ್ರವನ್ನು ಹುಡುಕಿ ತೆಗೆಯುತ್ತವೆ.

ಹಂತ 8: ಮನೆಯವರು ಮತ್ತು ನೀವು

ಹೆತ್ತವರಿಗೆ ತಿಂಗಳಿಗೊಮ್ಮೆ ಸಂಯೋಜಕರ ಮೂಲಕ ನಾಲ್ಕು ಸಾಲು ಸಾಕು: ಎಷ್ಟು ಸಲ ಮಾತಾಡಿದೆವು, ಯಾವ ವಿಷಯದ ಮೇಲೆ. ಕರೆಯ ಒಳಗಿನ ಮಾತು ಬೇಡ. ‘ಫೋನ್ ಕಡಿಮೆ ನೋಡೋಕೆ ನೀವೇ ಹೇಳಿ’ ಎಂಬ ಕೋರಿಕೆ ಬರುತ್ತದೆ. ನಯವಾಗಿ ಜಾರಿಕೊಳ್ಳಿ, ಅವರ ದನಿವರ್ಧಕ ಆದಿರೋ, ಮುಗಿಯಿತು.

ನಿಮಗೂ ಒಬ್ಬರು ಬೇಕು. ಎರಡು ವಾರಕ್ಕೊಮ್ಮೆ ಸಂಯೋಜಕರ ಜೊತೆ ಹದಿನೈದು ನಿಮಿಷ ಕೂರಿ. ಮಗುವಿನ ಮೆಸೇಜಿಗಾಗಿ ನೀವೇ ದಿನಕ್ಕೆ ಹತ್ತು ಸಲ ಫೋನ್ ನೋಡುತ್ತಿದ್ದರೆ, ಅದನ್ನು ಅಲ್ಲಿ ಹೇಳಿ.

ಹಂತ 9: ಮುಗಿಸುವುದು

ಎಲ್ಲರೂ ಎಡವುವುದು ಇಲ್ಲೇ. ಕೊನೆಯ ದಿನಕ್ಕೆ ಎರಡು ತಿಂಗಳಿರುವಾಗಲೇ ದಿನಾಂಕ ಹೇಳಿ. ಮೊದಲು ‘ಓಕೆ’ ಬರುತ್ತದೆ, ಮುಂದಿನ ಎರಡು ಕರೆಗೆ ಮಗು ಬರದೇ ಇರಬಹುದು. ನೀವು ಬಿಡುವ ಮೊದಲು ತಾನೇ ಬಿಟ್ಟೆ ಅನ್ನಿಸಿಕೊಳ್ಳುವ ಹಟ ಅದು. ನೀವು ಎಂದಿನಂತೆ ಹೋಗಿ ಹದಿನೈದು ನಿಮಿಷ ಕಾಯಿರಿ.

ಕೊನೆಯ ಮೂರು ಕರೆಗಳಲ್ಲಿ ಒಂದನ್ನು ಹಿಂದಿನ ಚಾಟ್ ಒಟ್ಟಿಗೆ ಓದಲು ಇಡಿ. ನನ್ನ ಆ ಹುಡುಗ ಹಾಗೆ ಮೇಲಕ್ಕೆ ಸ್ಕ್ರಾಲ್ ಮಾಡುತ್ತ ನನ್ನ ಒಂದು ಪುಟದ ಉತ್ತರದ ಹತ್ತಿರ ನಿಂತ. ‘ಇದನ್ನ ನಾನು ಓದೇ ಇಲ್ಲ’ ಅಂದ, ನಕ್ಕ. ನಾನೂ ನಕ್ಕೆ. ಇನ್ನೊಂದು ಕರೆಯಲ್ಲಿ, ಮುಂದೆ ಯಾರನ್ನು ಕೇಳಬಹುದು ಅನ್ನುವ ಪಟ್ಟಿ ಮಾಡಿಸಿ: ಶಿಕ್ಷಕರೊಬ್ಬರು, ಮನೆಯ ಒಬ್ಬರು, ಸಂಯೋಜಕರು, ಸಹಾಯವಾಣಿ. ಹೆಸರುಗಳನ್ನು ಅವರೇ ಬರೆಯಲಿ.

‘ಯಾವಾಗ ಬೇಕಾದ್ರೂ ಮೆಸೇಜ್ ಮಾಡು’ ಅನ್ನುವ ಮಾತು ಬಾಯಿಗೆ ಬರುತ್ತದೆ, ತಡೆದುಕೊಳ್ಳಿ. ಖಾತೆ ಮುಚ್ಚಿದ ಮೇಲೆ ಮಾಡಿದ ಮೆಸೇಜಿಗೆ ಉತ್ತರ ಬರುವುದಿಲ್ಲ. ಸಂಪರ್ಕ ಮುಂದುವರಿಸಲು ಕಾರ್ಯಕ್ರಮ ಬಿಡುವುದಾದರೆ ಹೇಗೆ, ಎಷ್ಟಕ್ಕೊಮ್ಮೆ ಎಂದು ಖಚಿತವಾಗಿ ಹೇಳಿ. ಬಿಡುವುದಿಲ್ಲವಾದರೆ ಅದನ್ನೂ ಹೇಳಿ. ಅರ್ಧದಲ್ಲೇ ನೀವು ನಿಲ್ಲಿಸಬೇಕಾಗಿ ಬಂದರೆ ಸುದ್ದಿಯನ್ನು ಸಂಯೋಜಕರ ಬಾಯಲ್ಲಿ ಕಳಿಸಬೇಡಿ. ಒಂದೇ ಒಂದು ಕರೆಗಾದರೂ ನೀವೇ ಬಂದು, ಕಾರಣ ನಿಮ್ಮದು, ಅವರದಲ್ಲ ಎಂದು ಬಿಡಿಸಿ ಹೇಳಿ.

ಕೊನೆಯ ಕರೆಯ ಮರುದಿನ ಒಂದು ಪತ್ರ ಹಾಕಿ. ‘ನೀನು ತುಂಬಾ ಒಳ್ಳೆಯವಳು’ ಥರದ್ದಲ್ಲ, ನೀವು ಕಣ್ಣಾರೆ ಕಂಡ ಎರಡು ಮೂರು ಸಂಗತಿ, ತಿಂಗಳ ಸಮೇತ. ಆಮೇಲೆ ಸಂಯೋಜಕರು ಚಾಟ್‌ನ ಬರೆಯುವ ಕಿಟಕಿ ಮುಚ್ಚಲಿ, ಓದುವುದನ್ನು ಮಾತ್ರ ಮಗುವಿಗೆ ಇನ್ನಷ್ಟು ತಿಂಗಳು ತೆರೆದಿಡಲಿ.